ಬಿಳಿ ಪ್ಲಗ್ಗು

ಪ್ಲಗ್ಗು ಬೆಳ್ಳಗಿತ್ತು. ಅಪ್ಪ ಅದನ್ನು ಎರಡು ಬೆರಳ ನಡುವೆ ಹಿಡಿದು ಬಿಸಿಲಿಗೆ ತಿರುಗಿಸಿದ, ನೆರಳಿಗೆ ತಿರುಗಿಸಿದ, ಕನ್ನಡಕ ತೆಗೆದು ನೋಡಿದ, ಮತ್ತೆ ಹಾಕಿಕೊಂಡು ನೋಡಿದ. ಚಿಕ್ಕಮ್ಮ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಹಳೇ ಟೈರಿನ ಮೇಲೆ ಕೂತಿದ್ದಳು.

“ಹಸಿದಿದೆ,” ಎಂದ ಅಪ್ಪ.

“ಇನ್ನೂನಾ ಭಾವ? ಎರಡು ಸಲ ಜೆಟ್ ದೊಡ್ಡದು ಮಾಡಿದ್ದಾಯ್ತು. ನಂಗೇನೋ ಅದು ಉಂಡುಂಡು ಉಬ್ಬಸ ಪಡ್ತಿರೋ ಹಾಗಿದೆ. ಕಾಲು ಒತ್ತಿದ್ರೆ ಓಡೋ ಬದಲು ತೇಗ್ತದೆ.”

“ನಿಂಗೆ ಹಾಗನ್ಸುತ್ತೆ. ಪ್ಲಗ್ಗು ಸುಳ್ಳು ಹೇಳಲ್ಲ.”

ಅಪ್ಪನಿಗೆ ಸ್ಪಾರ್ಕ್ ಪ್ಲಗ್ಗೆಂದರೆ ಇಂಜಿನ್ನಿನ ನಾಲಿಗೆ. ವೈದ್ಯರು ನಾಲಿಗೆ ಚಾಚಿಸಿ ನೋಡುವಂತೆ ಅವನು ಪ್ಲಗ್ಗು ಬಿಚ್ಚಿ ಅದರ ಪಿಂಗಾಣಿ ತುದಿ ನೋಡುತ್ತಿದ್ದ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಗಾಡಿ ಹದವಾಗಿ ಉಂಡಿದೆ ಎಂದರ್ಥ. ಕಪ್ಪಾಗಿದ್ದರೆ ಅಜೀರ್ಣ. ಬಿಳಿಚಿಕೊಂಡಿದ್ದರೆ ಉಪವಾಸ, ಹಾಗೇ ಓಡಿಸಿದರೆ ಪಿಸ್ಟನ್ ಸುಟ್ಟುಹೋಗುತ್ತದೆ. ಆಗ ಕಾರ್ಬುರೇಟರಿನೊಳಗಿನ ಜೆಟ್ ಬದಲಾಯಿಸಬೇಕು. ಜೆಟ್ ಎಂದರೆ ಉಗುರಿನಷ್ಟಗಲದ ಹಿತ್ತಾಳೆ ತಿರುಪು, ನಡುವೆ ಪೆಟ್ರೋಲು ಹೋಗಲು ಸೂಜಿಗಣ್ಣಿನಂಥ ತೂತು. ದೊಡ್ಡ ತೂತಿನದು ಹಾಕಿದರೆ ದೊಡ್ಡ ತುತ್ತು. ವಾರವಿಡೀ ಪಂಪಿನ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುವ ಅಪ್ಪ ಭಾನುವಾರಗಳಲ್ಲಿ ಹಿಂದೆ ವಿಮಾನ ಇಳಿಯುತ್ತಿದ್ದ ಈ ಪಾಳು ಓಟದ ಪಟ್ಟಿಯ ಮೇಲೆ ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತ ಬಂದಿದ್ದ. ಅಲ್ಲಿ ಕಾರ್ ರೇಸ್ ನಡೆಸುವ ಕ್ಲಬ್ಬಿನವರು ಅವನನ್ನು ಕರೆಯುತ್ತಿದ್ದದ್ದು ಪ್ಲಗ್ ಜೋಯಿಸರು ಎಂದು.

ನನ್ನ ಅಜ್ಜಿಯ ಕಥೆಗಳಲ್ಲಿ ಎಲೆ ನೋಡಿ ಮರದ ದುಃಖ ಹೇಳುವ ಮುದುಕನೊಬ್ಬ ಬರುತ್ತಿದ್ದ. ಚಿಕ್ಕವಳಿದ್ದಾಗ ಅವನಿಗೆ ನಾನು ಅಪ್ಪನ ಮುಖವನ್ನೇ ಅಂಟಿಸಿದ್ದೆ, ಗ್ರೀಸಿನ ಸಮೇತ.

ಈ ವರ್ಷ ಸೀಸ ಬೆರೆಸಿದ ಪೆಟ್ರೋಲು ನಿಂತಿತು. ರಸ್ತೆಯ ಗಾಡಿಗಳಿಗೆ ಅದು ಎಂದೋ ನಿಂತಿತ್ತು. ರೇಸಿನವರಿಗೆ ಮಾತ್ರ ವಿನಾಯಿತಿಯಿತ್ತು, ಪೀಪಾಯಿಗಳಲ್ಲಿ ಬರುತ್ತಿತ್ತು. ಪಟ್ಟಿಯಾಚೆಯ ವಸತಿಕಟ್ಟಡದ ಮಕ್ಕಳ ಬೆರಳು ಚುಚ್ಚಿ ನರ್ಸೊಬ್ಬರು ರಕ್ತ ಪರೀಕ್ಷೆ ಮಾಡಿಸಿದರು. ಹದಿನಾಲ್ಕು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತು. ಆ ಮಕ್ಕಳನ್ನು ದಿನಾ ಶಾಲೆಗೆ ಕರೆದೊಯ್ಯುವ ಬಸ್ಸಿನ ಡ್ರೈವರು ನಮ್ಮ ಚಿಕ್ಕಮ್ಮನೇ. ನಿಷೇಧದ ಅರ್ಜಿಯಲ್ಲಿ ಮೊದಲ ಸಹಿ ಅವಳದು. ಅಪ್ಪ ಊಟಕ್ಕೆ ಕೂತಿದ್ದಾಗ ಬಂದು, “ಭಾವ, ನಾನು ಸಹಿ ಹಾಕ್ಬಿಟ್ಟೆ,” ಎಂದಳು. ಅಪ್ಪ ತುತ್ತು ನುಂಗಿ, “ಹಾಕ್ಬೇಕಾದ್ದೇ,” ಎಂದ. ಅಷ್ಟೇ. ಆಮೇಲೆ ಆರು ವಾರ ಅವನು ಸರಿಯಾಗಿ ಮಲಗಲಿಲ್ಲ. ಹಳೇ ಇಂಜಿನ್ನಿನ ವಾಲ್ವುಗಳಿಗೆ ಸೀಸವೇ ಮೆತ್ತೆಯಾಗಿತ್ತಂತೆ. ಅದಿಲ್ಲದಿದ್ದರೆ ವಾಲ್ವು ಕೂರುವ ಜಾಗ ಸವೆದುಹೋಗುತ್ತದಂತೆ. ಗಟ್ಟಿ ಉಕ್ಕಿನ ಉಂಗುರಗಳನ್ನು ಕಡೆದು ಒಂದೊಂದಾಗಿ ಕೂರಿಸಿದ. ಅವನ ಕಣ್ಣ ಕೆಳಗಿನ ಚೀಲಗಳು ಆಗಿನವು.

ಕ್ಲಬ್ಬಿನ ಕಾರ್ಯದರ್ಶಿಯದು ಒಂದೇ ಮಾತು: ಈ ಭಾನುವಾರ ಸಂಜೆ ನಾಲ್ಕರೊಳಗೆ ಹಳೇ ಗಾಡಿಗಳ ವರ್ಗದಲ್ಲಿ ಮೂರು ಗಾಡಿ ಹೊಸ ಪೆಟ್ರೋಲಿನಲ್ಲಿ ಹತ್ತತ್ತು ಸುತ್ತು ಮುಗಿಸಬೇಕು. ಇಲ್ಲದಿದ್ದರೆ ಆ ವರ್ಗವೇ ರೇಸಿನಿಂದ ಔಟು. ಹಳೇ ಗಾಡಿ ಉಳಿದಿದ್ದವೇ ಮೂರು. ನಮ್ಮದು, ಬೇಕರಿಯವರದು, ನಿವೃತ್ತ ಗಣಿತದ ಮೇಷ್ಟ್ರದು. ಒಂದು ಕೈಕೊಟ್ಟರೂ ಅಪ್ಪನ ಭಾನುವಾರಗಳಿಗೆ ಅಲ್ಲಿಗೆ ಮಂಗಳ.

“ಜೋಯಿಸರೇ, ನಮ್ಮ ಜಾತಕಾನೂ ಸ್ವಲ್ಪ ನೋಡಿ,” ಎನ್ನುತ್ತ ಮೇಷ್ಟ್ರು ಅಂಗೈಯಲ್ಲಿ ಪ್ಲಗ್ಗಿಟ್ಟುಕೊಂಡು ಬಂದರು. ಹಿಂದೆಯೇ ಬೇಕರಿಯವರು. ಇಬ್ಬರದೂ ಬಿಳಿ.

“ಎಲ್ಲಾ ಉಪವಾಸ,” ಎಂದ ಅಪ್ಪ. “ಹೊಸ ಪೆಟ್ರೋಲಲ್ಲಿ ಸತ್ವ ಇಲ್ಲ. ಇನ್ನೆರಡು ನಂಬರ್ ದೊಡ್ಡದು ಹಾಕಿ.”

“ನನ್ನ ಲೆಕ್ಕದಲ್ಲಿ ಅಷ್ಟು ಬೇಡ ಅನ್ಸುತ್ತೆ…”

“ಮೇಷ್ಟ್ರೇ, ಲೆಕ್ಕ ಬೋರ್ಡ್ ಮೇಲೆ ಮಾಡಿ. ಜೋಯಿಸರು ಹೇಳಿದ ಮೇಲೆ ಆಯ್ತು,” ಎಂದು ಬೇಕರಿಯವರು ಅವರನ್ನು ಎಳೆದುಕೊಂಡು ಹೋದರು.

ಹನ್ನೊಂದಕ್ಕೆ ಮೂರೂ ಹೊರಟವು. ಮೊದಲೆರಡು ಸುತ್ತು ಏನೋ ನಡೆಯಿತು. ಮೂರನೆಯದಕ್ಕೆ ಬೇಕರಿಯವರ ಗಾಡಿ ಹಿಂದಿನಿಂದ ಕಪ್ಪು ಹೊಗೆ ಬಿಡತೊಡಗಿತು. ಐದನೆಯದಕ್ಕೆ ಕೆಮ್ಮುತ್ತ ಕೆಮ್ಮುತ್ತ ತಿರುವಿನಲ್ಲಿ ನಿಂತೇಹೋಯಿತು. ಚಿಕ್ಕಮ್ಮ ಆರನೆಯ ಸುತ್ತಿಗೆ ಶೆಡ್ಡಿಗೇ ತಿರುಗಿಸಿಕೊಂಡು ಬಂದಳು. ಮೇಷ್ಟ್ರು ಹೇಗೋ ಎಂಟು ಮುಟ್ಟಿ ತಳ್ಳಿಸಿಕೊಂಡು ಬಂದರು.

ಚಿಕ್ಕಮ್ಮ ಹೆಲ್ಮೆಟ್ ಕಿತ್ತಳು. ಕೂದಲೆಲ್ಲ ಹಣೆಗೆ ಅಂಟಿತ್ತು.

“ಭಾವ, ಹತ್ತೊಂಬತ್ತು ವರ್ಷದಿಂದ ಬಸ್ ಓಡಿಸ್ತಿದೀನಿ. ಹಿಂದಿನ ಸೀಟಲ್ಲಿ ಯಾವ ಮಗು ವಾಂತಿ ಮಾಡ್ಕೊಳ್ಳುತ್ತೆ ಅಂತ ಕನ್ನಡಿ ನೋಡ್ದೇನೇ ಗೊತ್ತಾಗುತ್ತೆ ನಂಗೆ. ಇದಕ್ಕೂ ಅದೇ ಆಗಿರೋದು. ತಿನ್ಸಿದ್ದು ಜಾಸ್ತಿ ಆಯ್ತು.”

“ಪ್ಲಗ್ ತುದಿ ನೋಡು, ಇನ್ನೂ ಬಿಳೀನೇ ಇದೆ.”

“ಪ್ಲಗ್ಗನ್ನ ಕೂರ್ಸಿ ಓಡ್ಸಿ ಹಾಗಾದ್ರೆ. ನಾನ್ಯಾಕೆ?”

ಅಪ್ಪ ಪ್ಲಗ್ಗನ್ನು ಮೂಗಿನ ಹತ್ತಿರ ತಂದು ಮೂಸಿದ. ಹಸಿ ಪೆಟ್ರೋಲಿನ ವಾಸನೆಯಿತ್ತು. ಆಮೇಲೆ ಅದನ್ನು ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ, “ಮಗಳೇ, ಆ ಗರಗಸ ಕೊಡು. ಟಾರ್ಚೂ ಹಿಡ್ಕೋ,” ಎಂದ.

ಒಳ್ಳೇ ಪ್ಲಗ್ಗನ್ನು ಅಪ್ಪ ಕೊಯ್ಯುವುದನ್ನು ನಾನು ನೋಡಿದ್ದು ಅದೇ ಮೊದಲು. ತಿರುಪಿನ ಸುತ್ತುಗಳಿರುವ ಉಕ್ಕನ್ನು ಕೊಯ್ದು ಬಿಡಿಸಿದ. ಪಿಂಗಾಣಿಯ ತುದಿ ಹಾಲುಹಲ್ಲಿನ ಹಾಗೆ ಬೆಳ್ಳಗೆ, ಮುಗ್ಧವಾಗಿ ಇತ್ತು. ಆದರೆ ಒಳಗೆ, ಬುಡದಲ್ಲಿ, ಹೊರಗಿನಿಂದ ಯಾರ ಕಣ್ಣೂ ಹೋಗದ ಆಳದಲ್ಲಿ, ದಪ್ಪನೆಯ ಮಸಿಯ ಉಂಗುರ. ಅಪ್ಪ ಕಿರುಬೆರಳಿನಿಂದ ಮುಟ್ಟಿದ. ಬೆರಳು ಕಪ್ಪಾಯಿತು.

ಅವನು ನಿಧಾನವಾಗಿ ಟೂಲ್ ಪೆಟ್ಟಿಗೆಯ ಮೇಲೆ ಕೂತ.

“ಆ ಕಾಫಿ ಬಣ್ಣ ಇತ್ತಲ್ಲ,” ಎಂದ, ನಮ್ಮಿಬ್ಬರಿಗೂ ಅಲ್ಲದ ಹಾಗೆ. “ಅದು ಪೆಟ್ರೋಲಿಂದಲ್ಲ. ಸೀಸದ್ದು. ಸೀಸ ಇಲ್ಲ, ಬಣ್ಣ ಇಲ್ಲ. ಹೊಟ್ಟೆ ತುಂಬಿದ್ರೂ ಇದು ಬೆಳ್ಳಗೇ ಇರುತ್ತೆ.” ಕಪ್ಪಾದ ಬೆರಳನ್ನು ಪ್ಯಾಂಟಿಗೆ ಒರೆಸಿ, “ಮೂವತ್ತು ವರ್ಷ ನಾನು ಓದಿದ್ದು ಸೀಸಾನ,” ಎಂದ.

ಚಿಕ್ಕಮ್ಮನ ಸಿಟ್ಟು ಇಳಿದುಹೋಯಿತು. ಅವಳು ನೀರಿನ ಬಾಟಲಿ ಚಾಚಿದಳು. ಅಪ್ಪ ತೆಗೆದುಕೊಳ್ಳಲಿಲ್ಲ.

“ಅವರಿಬ್ರಿಗೂ ನಾನೇ ಹೇಳಿ ಬರ್ತೀನಿ ಬಿಡಿ. ಪೆಟ್ರೋಲ್ ಸರಿಯಿಲ್ಲ ಅಂದ್ರಾಯ್ತು,” ಎಂದಳು.

“ಬೇಡ. ಪೆಟ್ರೋಲ್ ಸರಿಯಾಗೇ ಇದೆ.” ಅವನು ಮಂಡಿಯ ಮೇಲೆ ಕೈಯೂರಿ ಎದ್ದ. “ನನ್ನ ಬಾಯಿಂದ ಹೋದ ಮಾತು.”

ಬೇಕರಿಯವರ ಶೆಡ್ಡು ನಮ್ಮದರಿಂದ ನಲವತ್ತು ಹೆಜ್ಜೆ. ಅಪ್ಪ ಅದನ್ನು ದಾಟುವುದು ನನಗೆ ಅಜ್ಜಿಯ ಕಥೆಯ ಅಡವಿಗಳನ್ನೆಲ್ಲ ದಾಟಿದಷ್ಟು ದೂರ ಅನಿಸಿತು. ಅವನ ಷರ್ಟು ಬೆನ್ನಿಗೆ ಅಂಟಿತ್ತು. ಕೊಯ್ದ ಪ್ಲಗ್ಗು ಮುಷ್ಟಿಯಲ್ಲಿತ್ತು.

ಬೇಕರಿಯವರು ಷರ್ಟಿನ ತೋಳು ಮಡಿಸಿಕೊಂಡು ಒದ್ದೆ ಪ್ಲಗ್ಗುಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಮೇಷ್ಟ್ರು ಪಕ್ಕದಲ್ಲೇ ಇದ್ದರು.

“ತಪ್ಪಾಯ್ತು,” ಎಂದ ಅಪ್ಪ. “ನಾನು ಹೇಳಿದ್ದು ತಲೆಕೆಳಗು. ಹಸಿವಲ್ಲ ಇದು, ಅಜೀರ್ಣ. ನೋಡಿ ಇಲ್ಲಿ.”

ಬೇಕರಿಯವರು ನೋಡಿದರು. ಮುಖ ಕೆಂಪಗಾಯಿತು. “ಬೆಳಗಿನ ಜಾವ ಮೂರಕ್ಕೆ ಎದ್ದು ಒಲೆ ಹಚ್ಚೋನು ಸ್ವಾಮಿ ನಾನು. ಭಾನುವಾರ ಒಂದಿನ ಮಲಗ್ದೆ ಇಲ್ಲಿಗೆ ಬರ್ತೀನಿ, ನಿಮ್ಮ ಮಾತು ನಂಬ್ಕೊಂಡು ಬರ್ತೀನಿ. ಜನರ ಮುಂದೆ ತಳ್ಳಿಸ್ಕೊಂಡು ಬರೋ ಹಾಗಾಯ್ತಲ್ಲ.”

“ಹೌದು.”

“ಹೌದು ಅಂದ್ರೆ?”

“ನೀವು ಅಂದಿದ್ದು ಸರಿ ಅಂದೆ.”

ಬೇಕರಿಯವರು ಬಟ್ಟೆಯನ್ನು ಹೆಗಲ ಮೇಲೆ ಎಸೆದುಕೊಂಡರು. “ಸರಿ, ಈಗ ಯಾವ ನಂಬರ್ ಹಾಕ್ಲಿ? ಅದನ್ನಾದ್ರೂ ಹೇಳಿ.”

“ಗೊತ್ತಿಲ್ಲ,” ಎಂದ ಅಪ್ಪ.

ಆ ಮಾತು ಆ ಶೆಡ್ಡುಗಳ ಸಾಲಿನಲ್ಲಿ ಅವನ ಬಾಯಿಂದ ಬಂದದ್ದು ನಾನು ಕೇಳಿರಲಿಲ್ಲ. ಮೇಷ್ಟ್ರು ಕೂಡ ತಲೆಯೆತ್ತಿದರು.

“ನೋಡಿ ಹೇಳೋಕೆ ಇನ್ಮೇಲೆ ನಂಗೆ ಬರಲ್ಲ. ಕೂತು ಓಡಿಸ್ದೋರು ನೀವು. ಎಲ್ಲಿ ಎಳೀತು, ಎಲ್ಲಿ ತೇಗ್ತು, ಹೇಳಿ. ಕೇಳ್ಕೊಂಡು ಒಂದೊಂದೇ ಇಳಿಸ್ತೀನಿ.”

ಬೇಕರಿಯವರು, “ಎರಡನೇ ತಿರುವು ದಾಟಿದ ಮೇಲೆ,” ಎಂದು ಗೊಣಗಿದರು, “ನಾದಿದ ಹಿಟ್ಟೊಳಗೆ ಕಾಲಿಟ್ಟ ಹಾಗಿತ್ತು.”

“ಆಮೇಲೆ?”

“ಆಮೇಲೆ ಕಾಲು ತೆಗೆದ್ರೆ ಸರಿಹೋಗ್ತಿತ್ತು.”

“ನಂದೂ ಅಷ್ಟೇ,” ಎಂದರು ಮೇಷ್ಟ್ರು. “ನಾನು ಆಗಲೇ ಲೆಕ್ಕ ಹಾಕಿದ್ದೆ. ಬೋರ್ಡ್ ಮೇಲೆ ಮಾಡಿ ಅಂದ್ರಿ.”

“ಈಗ ಗಾಡಿ ಮೇಲೆ ಮಾಡಿ ಮೇಷ್ಟ್ರೇ, ಪುಣ್ಯ ಬರುತ್ತೆ,” ಎಂದರು ಬೇಕರಿಯವರು. ನಗಲಿಲ್ಲ, ಆದರೆ ದನಿ ಮೆತ್ತಗಾಗಿತ್ತು.

ಎರಡು ಗಂಟೆಯವರೆಗೆ ಅಪ್ಪ ಮೂರು ಶೆಡ್ಡುಗಳ ನಡುವೆ ಓಡಾಡಿದ. ಒಂದು ಜೆಟ್ ಹಾಕುವುದು, ಅವರು ಅರ್ಧ ಸುತ್ತು ಹೋಗಿ ಬರುವುದು, ಅಪ್ಪ ಕಿಟಕಿಗೆ ಬಗ್ಗಿ “ಹೇಗಿತ್ತು?” ಎನ್ನುವುದು. ಕೈ ಪ್ಲಗ್ಗಿನ ಕಡೆ ತಾನಾಗಿ ಹೋಗುತ್ತಿತ್ತು. ಹೋದಾಗಲೆಲ್ಲ ಅವನು ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಮ್ಮ ಗಾಡಿ ಕೊನೆಗೆ ಬಂದು ನಿಂತದ್ದು ಹಳೇ ನಂಬರಿಗಿಂತ ಒಂದೇ ಒಂದು ಹೆಚ್ಚಿನ ಜೆಟ್ಟಿಗೆ. ತಿನ್ನಿಸಿದ್ದು ಜಾಸ್ತಿಯಾಯ್ತು ಎಂದು ಚಿಕ್ಕಮ್ಮ ಹೇಳಿದ್ದೇ ಸರಿಯಾಗಿತ್ತು.

ಮೂರಕ್ಕೆ ಮತ್ತೆ ಹೊರಟರು. ನಾನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಸುತ್ತಿಗೊಂದು ಗೆರೆ ಎಳೆಯುತ್ತಿದ್ದೆ. ಅಪ್ಪ ಪಟ್ಟಿಗೆ ಬೆನ್ನು ಮಾಡಿ ಕೂತು ಬರೀ ಕೇಳಿಸಿಕೊಳ್ಳುತ್ತಿದ್ದ. ಚಿಕ್ಕಮ್ಮ ಹತ್ತು ಮುಗಿಸಿದಳು. ಮೇಷ್ಟ್ರು ಹತ್ತು ಮುಗಿಸಿದರು. ಬೇಕರಿಯವರ ಗಾಡಿ ಒಂಬತ್ತನೆಯದರಲ್ಲಿ ಒಮ್ಮೆ ಕೆಮ್ಮಿತು. ಅಪ್ಪನ ಹೆಗಲು ಕಿವಿಗೆ ಬಂತು. ಬೇಕರಿಯವರು ಕಾಲು ತೆಗೆದರು, ತಡೆದರು, ಮತ್ತೆ ಒತ್ತಿದರು. ಗಾಡಿ ಎಳೆದುಕೊಂಡು ಹತ್ತನೆಯದನ್ನೂ ಮುಗಿಸಿ ಕೊನೆಯ ಗೆರೆ ದಾಟಿತು. ಕಾರ್ಯದರ್ಶಿ ಗಡಿಯಾರ ನೋಡಿ ಹಾಳೆಯ ಮೇಲೆ ಗುರುತು ಹಾಕಿದರು.

“ಈ ವರ್ಷಕ್ಕೆ ಇದೆ ನಿಮ್ಮ ವರ್ಗ. ಮುಂದಿನದು ಆಗ ನೋಡೋಣ.”

ಯಾರೂ ಕುಣಿಯಲಿಲ್ಲ. ಕುಣಿಯಲು ಯಾರ ಕಾಲಲ್ಲೂ ಕಸುವಿರಲಿಲ್ಲ.

ವಾಪಸು ಬರುವಾಗ ವ್ಯಾನು ಓಡಿಸಿದ್ದು ಚಿಕ್ಕಮ್ಮ. ಗಾಡಿ ಹಿಂದಿನ ಟ್ರೇಲರಿನಲ್ಲಿತ್ತು. ಅಪ್ಪ ಕಿಟಕಿಗೆ ತಲೆಯಾನಿಸಿ, “ಆ ಹತ್ತು ಸುತ್ತೂ ಹೇಳು. ಮೊದಲಿಂದ,” ಎಂದ.

“ಈಗ್ಲಾ? ಸುಸ್ತಾಗಿದೀರಿ ಭಾವ.”

“ಹೇಳು. ಇನ್ನು ನಂಗೆ ಇರೋದು ಅದೇ ತಾನೆ.”

ಅವಳು ಹೇಳತೊಡಗಿದಳು. ಮೊದಲ ತಿರುವಿನಲ್ಲಿ ಹೇಗೆ ಹಗುರಾಗಿತ್ತು, ಉದ್ದನೆಯ ದಾರಿಯಲ್ಲಿ ಎಷ್ಟು ಹೊತ್ತು ಉಸಿರು ಹಿಡಿಯಿತು, ಎಲ್ಲಿ ಸಣ್ಣಗೆ ನಡುಗಿತು. ಅಪ್ಪ ಕಣ್ಣು ಮುಚ್ಚಿಕೊಂಡೇ “ಹೂಂ” ಎನ್ನುತ್ತಿದ್ದ. ಐದನೆಯ ಸುತ್ತಿನ ಹೊತ್ತಿಗೆ ಹೂಂಗುಟ್ಟುವುದು ನಿಂತಿತು. ಬಾಯಿ ಸ್ವಲ್ಪ ತೆರೆದುಕೊಂಡಿತ್ತು.

ಚಿಕ್ಕಮ್ಮ ಕನ್ನಡಿಯಲ್ಲಿ ನನ್ನ ಕಡೆ ನೋಡಿದಳು. ನಾನು “ಹೂಂ” ಎಂದೆ. ಅವಳು ಆರನೆಯ ಸುತ್ತು ಶುರುಮಾಡಿದಳು.