ಸನ್ಮಾನದ ದಿನದ ಮಜ್ಜಿಗೆ

ಡಾಕ್ಟರ್ ರಘೋತ್ತಮರು ಡೆಟ್ರಾಯಿಟ್ ಬಳಿಯ ಒಂದು ವಿಶ್ವವಿದ್ಯಾಲಯದ ಅಧ್ಯಕ್ಷರಾದಾಗ ಶಿಕಾಗೋ ಕಡೆಯ ಕನ್ನಡಿಗರಾದ ನಮಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದು ಎಪ್ಪತ್ತಾರನೇ ಇಸವಿ. ಹೃದಯದ ಬಗ್ಗೆ ಅವರು ಮಾಡಿದ ಸಂಶೋಧನೆ ಪಠ್ಯಪುಸ್ತಕ ಸೇರಿತ್ತು. ಅದೆಲ್ಲ ಇಲಿಗಳ ಮೇಲೆ ಮಾಡಿದ್ದು ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ದೊಡ್ಡ ಡಾಕ್ಟರ್ ಅಂದರೆ ದೊಡ್ಡ ಡಾಕ್ಟರ್, ಅಷ್ಟೆ.

ಶಿಕಾಗೋ ಪಕ್ಕದ ಸ್ಕೋಕಿ ಊರಿನ ನಮ್ಮ ಮನೆಯಲ್ಲೇ ಸನ್ಮಾನ. ಮೈಸೂರು ಪೇಟ ಸಿಗದೆ ನನ್ನ ಗಂಡ ಚಂದ್ರಮೌಳಿ ನನ್ನ ಜರಿ ಸೀರೆಯನ್ನೇ ಸುತ್ತಿ ಪೇಟ ಮಾಡಿದ್ದರು. ಅದನ್ನು ರಘೋತ್ತಮರ ತಲೆಗೆ ಇಡಲು ಕೈ ಎತ್ತಿದವರು ಹಾಗೇ ಸೋಫಾದ ಮೇಲೆ ಕುಸಿದರು. ಮುಖವೆಲ್ಲ ಬೆವರು.

"ಎದೆ ಹಿಡ್ಕೊಂಡಂಗಾಗ್ತಿದೆ," ಅಂದರು.

ಮಗಳು ಲೀನಾ ಫೋನಿನ ಹತ್ತಿರ ಓಡಿದಳು. "ಮಾಮ್, ಐ ಆಮ್ ಕಾಲಿಂಗ್ ಆ್ಯನ್ ಆಂಬ್ಯುಲೆನ್ಸ್!"

ಸಮಾರಂಭದ ಹಿರಿತನ ವಹಿಸಿದ್ದ ಹಯವದನರು ರಿಸೀವರ್ ಕಿತ್ತುಕೊಂಡರು. "ಸುಮ್ನಿರಮ್ಮ. ಇಂಥ ಹಾರ್ಟ್ ಡಾಕ್ಟರ್ ಎದುರಿಗಿರುವಾಗ ಆಂಬ್ಯುಲೆನ್ಸಾ? ಅಂಕಲ್‌ಗೆ ಅವಮಾನ ಅಲ್ವಾ?"

ರಘೋತ್ತಮರು ತಮ್ಮ ಕೊರಳಿನ ಹಾರ ಪಕ್ಕಕ್ಕೆ ಸರಿಸಿ ನಾಡಿ ಹಿಡಿದರು, ಹೊಟ್ಟೆ ಒತ್ತಿದರು. ಮತ್ತೆ ಮಣಿಕಟ್ಟಿನಲ್ಲಿ ನಾಡಿ ಹುಡುಕತೊಡಗಿದ್ದನ್ನು ಕಂಡು ನನಗೆ ಭಯವಾಯಿತು.

"ಗ್ಯಾಸ್ ಇರ್ಬೇಕು. ಸ್ವಲ್ಪ ಮಜ್ಜಿಗೆ ಕೊಡಿ."

ಎಲ್ಲರೂ ಸಮಾಧಾನದ ಉಸಿರು ಬಿಟ್ಟರು. ನಾನು ಶುಂಠಿ ಜಜ್ಜಿ ಮಜ್ಜಿಗೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂತ್ಯಕ್ರಿಯೆಯ ದಿನ ರಘೋತ್ತಮರು ನನ್ನೆದುರು ನಿಂತು ಅತ್ತರು. "ಇಪ್ಪತ್ತು ವರ್ಷದಿಂದ ನಾನು ಒಬ್ಬ ಪೇಷೆಂಟನ್ನೂ ಮುಟ್ಟಿಲ್ಲ, ಪದ್ಮ. ಅಷ್ಟು ಜನರ ಮುಂದೆ ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ." ನನಗೆ ಸಿಟ್ಟು ನೆತ್ತಿಗೇರಿತು. ಅಳುವುದಕ್ಕೂ ಇವರೇ ಮುಂದೆ ಬರಬೇಕೆ?

ಅಂದಿನಿಂದ ಯಾರು ನೋವು ಅಂತ ಬಂದರೂ ಅವರು ಕೈ ಮುಗಿಯುತ್ತಾರೆ. "ನಾನು ಇಲಿಗಳ ಡಾಕ್ಟರಪ್ಪ. ಆಸ್ಪತ್ರೆಗೆ ಹೋಗಿ." ಜನ ನಗುತ್ತಾರೆ. "ಯೂನಿವರ್ಸಿಟಿ ಆಳೋ ಮನುಷ್ಯ, ಒಂಚೂರು ಜಂಬ ಇಲ್ಲ ನೋಡಿ!" ಎಂದು ಮೆಚ್ಚಿ, ನಾಡಿ ನೋಡಿ ಅಂತ ಮತ್ತೆ ಕೈ ಚಾಚುತ್ತಾರೆ.

ಕಳೆದ ಯುಗಾದಿ ಊಟದಲ್ಲಿ ಹಾಗೆ ಕೈ ಚಾಚಿದವರು ಹಯವದನರೇ. ಅವರ ಮುಖ ಬಿಳಿಚಿಕೊಂಡಿತ್ತು, ಎದೆ ಉರಿ ಅನ್ನುತ್ತಿದ್ದರು. ಈ ಸಲ ಲೀನಾ ಯಾರ ಮುಖವನ್ನೂ ನೋಡದೆ ಫೋನ್ ಮಾಡಿದಳು.

ಹಯವದನರು ಉಳಿದುಕೊಂಡರು. ಒಳ್ಳೆಯದಾಯಿತು ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ.