ಮಗಳು ಒಡೆದ ಮೊಟ್ಟೆಗಳು

ಹತ್ತೊಂಬತ್ತು ವರ್ಷದಿಂದ ಮೊಟ್ಟೆ ಗಾಡಿ ಓಡಿಸುತ್ತಿದ್ದರೂ ಅವನ ಗಾಡಿಯಲ್ಲಿ ಒಂದೇ ಒಂದು ಮೊಟ್ಟೆ ಒಡೆದಿರಲಿಲ್ಲ. ಊರೆಲ್ಲ ಅವನನ್ನು ಮೊಟ್ಟೆ ಮಾಮ ಎಂದೇ ಕರೆಯುತ್ತಿತ್ತು. ಕೇಳಿದರೂ ಕೇಳದಿದ್ದರೂ ಮಾಮ ಎದೆಯುಬ್ಬಿಸಿ ಹೇಳುವುದು ಇದೊಂದೇ ಮಾತು. ಹೇಳಿಕೊಳ್ಳಲಿ ಬಿಡಿ, ಹೊಂಡದ ರಸ್ತೆಯಲ್ಲಿ ಮೊಟ್ಟೆ ಸಾಗಿಸುವುದೇನು ಹುಡುಗಾಟವೇ?

ಆದರೆ ಒಂದು ಕೆಟ್ಟ ಚಾಳಿ ಇತ್ತು. ದಾರಿಯಲ್ಲಿ ಅಂಗಡಿಯವರು ಫೋನ್ ಮಾಡಿದರೆ ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಖಾಲಿ ಟ್ರೇಯನ್ನು ಸ್ಟೀರಿಂಗ್ ಮೇಲಿಟ್ಟು, ಅದರ ಮೇಲೆಯೇ ಪೆನ್ಸಿಲ್ಲಿನಿಂದ ಆರ್ಡರ್ ಗೀಚುತ್ತಿದ್ದ. ಗಾಡಿ ಮಾತ್ರ ಓಡುತ್ತಲೇ ಇರುತ್ತಿತ್ತು.

ಒಂದು ಬೆಳಿಗ್ಗೆ ಬಸ್ ತಪ್ಪಿದ ಅವನ ಅಕ್ಕ ಗಾಡಿ ಹತ್ತಿದಳು. ಆಸ್ಪತ್ರೆಯ ತುರ್ತು ವಾರ್ಡಿನಲ್ಲಿ ಅವಳು ನರ್ಸ್. ಫೋನ್ ಬಂತು, ಮಾಮ ಗೀಚತೊಡಗಿದ.

"ಗಾಡಿ ನಿಲ್ಸಿ ಮಾತಾಡೋ!"

"ಸುಮ್ನಿರಕ್ಕಾ, ಹತ್ತೊಂಬತ್ತು ವರ್ಷದಲ್ಲಿ ಒಂದು ಮೊಟ್ಟೆ ಒಡೆದಿಲ್ಲ."

ಬೇಕರಿ ತಿರುವು ದಾಟಿತು. ಅಕ್ಕ ಕಿಟಾರನೆ ಕಿರುಚಿದಳು. ಮಾಮ ಗಾಬರಿಯಿಂದ ಗಾಡಿ ನಿಲ್ಲಿಸಿದ.

"ತಿರುವಲ್ಲಿ ಯಾರಿದ್ರು ಹೇಳು."

"ಯಾರೂ ಇರಲಿಲ್ಲವಲ್ಲ!"

"ಹಿಂದೆ ತಿರುಗಿ ನೋಡು."

ಸೈಕಲ್ ತಳ್ಳಿಕೊಂಡು ಏದುಸಿರು ಬಿಡುತ್ತಾ ಬರುತ್ತಿದ್ದವಳು ಅವನ ಮಗಳು. ಡ್ರೈವಿಂಗ್ ಕಲಿಯುತ್ತಿದ್ದ, ಮುಂದೊಂದು ದಿನ ಈ ಗಾಡಿಯನ್ನೇ ಓಡಿಸಬೇಕಿದ್ದ ಮಗಳು. ಮೊಣಕೈ ತರಚಿತ್ತು.

"ಅಪ್ಪಾ, ಕೈ ಬೀಸಿದೆ, ಕೂಗಿದೆ. ನೀನು ನನ್ನ ಕಡೇನೇ ನೋಡ್ತಿದ್ದೆ! ಚರಂಡಿ ಕಡೆ ಬೀಳದೆ ಇದ್ದಿದ್ರೆ…"

ಮಾಮ ಇಳಿದು ಅವಳ ಮೊಣಕೈ ಹಿಡಿದು ನೋಡಿದ. ಗಾಡಿಯ ಹಿಂಬದಿಯಲ್ಲಿ ಮೊಟ್ಟೆಗಳೆಲ್ಲ ಸುರಕ್ಷಿತವಾಗಿದ್ದವು. ಹೆತ್ತ ಮಗಳು ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ.

"ಕಿವಿಗೆ ಫೋನಿನ ವೈರ್ ಹಾಕ್ಕೋತೀನಿ ಅಕ್ಕಾ. ಕೈ ಖಾಲಿ ಇರತ್ತೆ," ಎಂದ ಸಣ್ಣ ದನಿಯಲ್ಲಿ.

"ಕೈ ಖಾಲಿ ಇರತ್ತೆ, ತಲೆ ಖಾಲಿ ಇರತ್ತೇನೋ? ಮನಸ್ಸು ಮಾತಲ್ಲಿದ್ರೆ ಕಣ್ಣು ತೆರೆದಿದ್ರೂ ಕಾಣಲ್ಲ. ನಮ್ಮ ವಾರ್ಡಿಗೆ ಬರೋರೂ ಇದನ್ನೇ ಹೇಳೋದು, 'ಒಂದೇ ಒಂದು ಕಾಲ್ ಎತ್ತಿದ್ದೆ ಸಿಸ್ಟರ್' ಅಂತ."

ಅಂದೇ ಮಾಮ ಅಂಗಡಿ ಅಂಗಡಿಗೂ ಹೋಗಿ ಹೇಳಿದ: "ಆರ್ಡರ್ ಏನಿದ್ರೂ ನಾನು ಹೊರಡೋ ಮುಂಚೆ ಹೇಳಿ. ದಾರೀಲಿ ಫೋನ್ ಎತ್ತಲ್ಲ." ಮೊದಮೊದಲು ಗೊಣಗಿದವರೂ ವಾರದಲ್ಲಿ ಹಾದಿಗೆ ಬಂದರು. ಗಾಡಿ ಹೊರಟರೆ ಫೋನ್ ಬಾಯಿ ಮುಚ್ಚಿಕೊಂಡು ಹಿಂದಿನ ಟ್ರೇಯಲ್ಲಿ ಮೊಟ್ಟೆಗಳ ಜೊತೆ ಮಲಗುತ್ತಿತ್ತು.

ಮಗಳಿಗೆ ಲೈಸೆನ್ಸ್ ಬಂತು. ಮೊದಲ ದಿನ ಅವಳು ಸ್ಟೀರಿಂಗ್ ಹಿಡಿದಳು, ಮಾಮ ಪಕ್ಕದಲ್ಲಿ ಕೂತ. ಅದೇ ಬೇಕರಿ ತಿರುವಿನಲ್ಲಿ ಚೆಂಡಿನ ಹಿಂದೆ ಪುಟ್ಟ ಮಗುವೊಂದು ರಸ್ತೆಗೆ ಓಡಿಬಂತು. ಮಗಳು ಗಕ್ಕನೆ ಬ್ರೇಕ್ ಒತ್ತಿದಳು. ಗಾಡಿ ಮಗುವಿಗಿಂತ ಎರಡು ಮಾರು ಹಿಂದೆಯೇ ನಿಂತಿತು. ಹಿಂದಿನಿಂದ ಮಾತ್ರ ಪಟಪಟ ಸದ್ದು.

ಮಗಳು ಅಳುಮೋರೆ ಮಾಡಿದಳು. "ಅಪ್ಪಾ, ನಿನ್ನ ಹತ್ತೊಂಬತ್ತು ವರ್ಷ…"

"ಹೋಗ್ಲಿ ಬಿಡೇ ನನ್ನ ಕಂದಾ!" ಮಾಮ ಅವಳ ಬೆನ್ನು ತಟ್ಟಿದ. ಇಂಥ ಹೆಮ್ಮೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಅಂದು ಪ್ರತಿ ಅಂಗಡಿಯಲ್ಲೂ ಅವನದು ಒಂದೇ ಮಾತು: "ನನ್ನ ಮಗಳು ಇವತ್ತು ಎರಡು ಟ್ರೇ ಮೊಟ್ಟೆ ಒಡೆದ್ಲು ಕಣ್ರೀ!"

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮುಂದಿನ ತಿರುವಿನಲ್ಲೂ ಯಾರದೋ ಮಗು ಇದೆ. ಗಾಡಿ ಹತ್ತುವ ಮುಂಚೆ ಫೋನನ್ನು ಕೈಗೆಟುಕದ ಕಡೆ ಇಡಿ. ತುರ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಮಾತಾಡಿ. ಮನೆಯವರು ಗಾಡಿ ಓಡಿಸುತ್ತಿದ್ದಾರೆಂದು ಗೊತ್ತಿದ್ದರೆ ನೀವೂ ಫೋನ್ ಮಾಡಬೇಡಿ. ಅವರು ಮನೆ ಸೇರಿದ ಮೇಲೆ ಎದುರುಬದುರು ಕೂತು ಬಾಯ್ತುಂಬ ಮಾತಾಡಿ.