ಒಂದೇ ದಪ್ಪದ ಕಬ್ಬು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಇಡೀ ದಿನ ಬಿಸಿಲಲ್ಲಿ ನಿಂತು ಕಬ್ಬಿನ ಹಾಲು ಮಾರುವವನು ಸಾಧುಸಂತನಾಗಿರಬೇಕು ಎಂದರೆ ಹೇಗೆ? ಆದರೆ ತೊಂಬತ್ತೇಳನೇ ಇಸವಿಯ ಆ ವಾರ ನನ್ನ ಕೋಪಕ್ಕೆ ಸರಿಯಾದ ಕಾರಣವೇ ಇತ್ತು. ಏಳನೇ ಕ್ಲಾಸಿನಲ್ಲಿದ್ದ ನನ್ನ ಒಬ್ಬಳೇ ಮಗಳು ಶಿವರಂಜನಿ, ಇನ್ನು ಸ್ಕೂಲಿಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು, ನನ್ನ ಗಾಣದ ಚಕ್ರ ತಿರುಗಿಸುತ್ತಾ ನಿಂತುಬಿಟ್ಟಿದ್ದಳು.

ಚಕ್ರ ಚೆನ್ನಾಗಿಯೇ ತಿರುಗಿಸುತ್ತಿದ್ದಳು, ಅದೇ ನನಗೆ ಸಂಕಟ. ಇನ್ನೊಂದು ತಿಂಗಳು ಹೀಗೇ ಕಳೆದರೆ ಅವಳ ಕೈ ಚಕ್ರಕ್ಕೇ ಒಗ್ಗಿಹೋಗುತ್ತದೆ, ಮತ್ತೆ ಪುಸ್ತಕ ಹಿಡಿಯುವುದಿಲ್ಲ ಎಂದು ಹೆದರಿಕೆಯಾಗುತ್ತಿತ್ತು. ಬೈದೆ, ಮುದ್ದು ಮಾಡಿದೆ. ಬಾಯಿ ಬಿಡಲಿಲ್ಲ. ಕೊನೆಗೆ ನನ್ನ ಹೆಂಡತಿ ಮಂಚಮ್ಮ ತಲೆಗೆ ಎಣ್ಣೆ ಹಚ್ಚುವಾಗ ನಡೆದದ್ದನ್ನು ಹೊರಡಿಸಿದಳು.

ಲೆಕ್ಕದಲ್ಲಿ ಸ್ತಂಭಾಲೇಖ ಎಂದು ಒಂದು ಪಾಠವಂತೆ. ಯಾವುದು ಎಷ್ಟಿದೆ ಎಂದು ಕಂಬ ಬರೆದು ತೋರಿಸುವುದು. ಯಾವ ತರಗತಿಯಲ್ಲಿ ಎಷ್ಟು ಮಕ್ಕಳು ಎಂದು ಬೋರ್ಡಿನ ಮೇಲೆ ಬರೆ ಎಂದರೆ, ನನ್ನ ಮಗಳು ಮಕ್ಕಳು ಹೆಚ್ಚಿರುವ ಏಳನೇ ತರಗತಿಗೆ ಗಿಡ್ಡದೊಂದು ದಪ್ಪ ಕಂಬ, ಕಡಿಮೆ ಇರುವ ಆರನೇ ತರಗತಿಗೆ ಉದ್ದದೊಂದು ಸಣಕಲು ಕಂಬ ಬರೆದಳಂತೆ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತಂತೆ. ಎಲ್ಲ ಕಂಬವೂ ಒಂದೇ ಅಗಲ ಇರಬೇಕು, ಅದು ನಿಯಮ ಎಂದು ಟೀಚರ್ ಅಳಿಸುವಷ್ಟರಲ್ಲಿ ಬೆಲ್ ಹೊಡೆಯಿತಂತೆ. ಅಂದಿನಿಂದ ಇವಳಿಗೆ ‘ದಪ್ಪ ಕಂಬ’ ಎಂದೇ ಹೆಸರು.

ನನಗೆ ಮೈಯೆಲ್ಲ ಉರಿದುಹೋಯಿತು. ಕಬ್ಬಿನವನ ಮಗಳು ದಪ್ಪ ನೋಡದೆ ಇನ್ನೇನು ನೋಡುತ್ತಾಳೆ? ಸೋಸಲೆಯಿಂದ ಹೊರೆ ಬಂದಾಗ ಜಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಆರಿಸುವುದನ್ನು ನಾನೇ ಅವಳಿಗೆ ಕಲಿಸಿದ್ದೆ.

ಲೆಕ್ಕದ ಟೀಚರ್ ಸರ್ವಮಂಗಳಾ ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಬಂದುಹೋಗುವವರು. ಗುರುವಾರ ಸಂಜೆ ಅವರೇ ನನ್ನ ಗಾಡಿಯ ಮುಂದೆ ಬಂದು ನಿಂತರು. ರಂಜನಿ ನನ್ನ ಬೆನ್ನ ಹಿಂದೆ ಸರಿದಳು.

“ಏನ್ ಮೇಡಂ, ಗಿಡ್ಡಕೆ ದಪ್ಪಗಿರೋ ಜಲ್ಲೆ ಒಂದು, ಉದ್ದಕೆ ಸಣ್ಣಗಿರೋದು ಒಂದು. ಯಾವುದ್ರಲ್ಲಿ ಆಲು ಜಾಸ್ತಿ, ನೀವೇ ಯೋಳಿ! ನನ್ ಮಗ್ಳು ಬರ್ದುದ್ರಲ್ಲಿ ತಪ್ಪೇನದೆ?” ಎಂದು ಶುರು ಹಚ್ಚಿಕೊಂಡೆ.

ಅವರು ಒಂದು ಮಾತೂ ತಿರುಗಿಸಿ ಆಡಲಿಲ್ಲ. “ಹಿಂಡಿ ನೋಡೋಣ, ಬೆಟ್ಟಸ್ವಾಮಿ” ಎಂದರು. ಜಗಳಕ್ಕೆ ಸೊಂಟ ಕಟ್ಟಿ ನಿಂತವನಿಗೆ ಎದುರಾಳಿಯೇ ಇಲ್ಲ ಎಂದರೆ ಏನು ಮಾಡುವುದು? ಹಿಂಡಿದೆ. ಗಿಡ್ಡ ಜಲ್ಲೆಯ ಲೋಟವೇ ಮೇಲಾಯಿತು.

“ರಂಜನಿ ಯೋಚಿಸಿದ್ದು ಸರಿ” ಎಂದರು ಟೀಚರ್, ಬಸ್ಸಿಗೆ ಕಾಯುವವರಿಗೆಲ್ಲ ಕೇಳುವ ಹಾಗೆ. ನನ್ನ ಅರ್ಧ ಕೋಪ ಅಲ್ಲೇ ಇಳಿಯಿತು. ಆಮೇಲೆ ಅವಳ ಕಡೆ ಬಾಗಿ ಕೇಳಿದರು: “ಈಗ ನೋಡು. ಐದರಲ್ಲಿ ಇಪ್ಪತ್ತು ಮಕ್ಕಳು, ಆರರಲ್ಲಿ ಮೂವತ್ತು, ಏಳರಲ್ಲಿ ನಲವತ್ತು. ಕಬ್ಬಲ್ಲೇ ತೋರಿಸು. ಆದರೆ ಹಿಂಡೋ ಹಾಗಿಲ್ಲ. ಆ ಬೆಂಚಲ್ಲಿ ಕೂತಿರೋರು ನೋಡಿದ ತಕ್ಷಣ ಹೇಳ್ಬೇಕು. ಹೇಗೆ ಕತ್ತರಿಸ್ತೀಯಾ?”

ರಂಜನಿ ಹೊರೆಯನ್ನೇ ನೋಡುತ್ತಾ ನಿಂತಳು. ಅಷ್ಟರಲ್ಲಿ ನಂಜನಗೂಡಿನ ಬಸ್ ಬಂತು, ಹಾರ್ನ್ ಹೊಡೆಯಿತು, ಹೋಯಿತು. ಟೀಚರ್ ತಿರುಗಿಯೂ ನೋಡಲಿಲ್ಲ. ಎಂಥ ಹೆಂಗಸು ಮಾರಾಯರೇ!

ಮಗಳು ಮೆಲ್ಲಗೆ ಒಂದೊಂದೇ ಜಲ್ಲೆ ಮುಷ್ಟಿಯಲ್ಲಿ ಹಿಡಿದು ನೋಡತೊಡಗಿದಳು. ಮೂರನ್ನು ಆರಿಸಿದಳು. ಹೊರೆಯಲ್ಲೇ ಒಳ್ಳೆಯದನ್ನು ಪಕ್ಕಕ್ಕೆ ಎಸೆದಳು.

“ಅಯ್ಯೋ, ಅಷ್ಟು ದಪ್ಪಗದೆ, ಅದ್ನ ಯಾಕವ್ವ ಬುಟ್ಟೆ?” ಎಂದೆ.

“ಅದ್ನ ಇಟ್ರೆ ನೋಡೋರ್ಗೆ ಮೋಸ ಆಯ್ತದೆ ಕಣಪ್ಪಾ” ಎಂದಳು.

ಆ ಮಾತಿಗೆ ಟೀಚರ್ ಕಣ್ಣು ಅರಳಿತು. ರಂಜನಿ ಈಗ ಯಾರ ಕಡೆಗೂ ನೋಡುತ್ತಿರಲಿಲ್ಲ. ಹತ್ತು ಮಕ್ಕಳಿಗೆ ಒಂದು ಗೇಣು ಎಂದುಕೊಂಡು ಬೆರಳು ಚಾಚಿ ಅಳೆದು ಮೂರು ಜಲ್ಲೆ ಕತ್ತರಿಸಿದಳು. ಗಾಡಿಯ ಹಲಗೆಯ ಮೇಲೆ, ಗಾಣಕ್ಕೆ ಒರಗಿಸಿ ಸಾಲಾಗಿ ನಿಲ್ಲಿಸಿದಳು. ಒಂದರ ಬುಡ ಸ್ವಲ್ಪ ಮೇಲಿತ್ತು, ಅದನ್ನು ಕುಟ್ಟಿ ಸಮ ಮಾಡಿದಳು.

ಬೆಂಚಿನಲ್ಲಿ ಮುಡುಕುತೊರೆಯ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿಯನ್ನು ಟೀಚರ್ ಕೂಗಿ ಕೇಳಿದರು: “ಅಜ್ಜೀ, ಯಾವುದು ಜಾಸ್ತಿ?”

“ಆ ಕೊನೇದು ಕಣವ್ವ. ಅದ್ನೂ ಕೇಳ್ಬೇಕಾ?” ಎಂದಿತು ಅಜ್ಜಿ.

ಟೀಚರ್ ನಕ್ಕುಬಿಟ್ಟರು. “ಇಷ್ಟು ವರ್ಷ ಒಂದೇ ಅಗಲ ಇರಲಿ ಅಂತ ಹೇಳ್ತಾ ಬಂದೆ. ಯಾಕೆ ಅಂತ ನಾನು ಹೇಳ್ಲಿಲ್ಲ, ನಕ್ಕವರೂ ಕೇಳ್ಲಿಲ್ಲ. ಅಗಲ ಒಂದೇ ಇದ್ರೆ ಎತ್ತರ ಸುಳ್ಳು ಹೇಳಲ್ಲ. ನಾಳೆ ಕ್ಲಾಸಲ್ಲಿ ಇದನ್ನ ನೀನೇ ಹೇಳ್ತೀಯಾ, ರಂಜನಿ?”

ಅವಳು ಆ ಮೂರು ಜಲ್ಲೆ ಎತ್ತಿ ಚಕ್ರದ ಹಿಂದೆ ಒರಗಿಸಿಟ್ಟಳು. ಟೀಚರ್ ಬಲವಂತ ಮಾಡದೆ, ಮುಂದಿನ ಬಸ್ಸಿಗೆ ಕಾಯಲು ಹೋದರು. ಓದಿದವರಿಗೆ ಇಷ್ಟು ತಾಳ್ಮೆ ಇರುವುದನ್ನು ನಾನಂತೂ ಅದೇ ಮೊದಲು ಕಂಡದ್ದು. ಹೋಗಿ ಕೈ ಮುಗಿಯಬೇಕು ಅನ್ನಿಸಿತು, ನಾಚಿಕೆಯಾಗಿ ಸುಮ್ಮನಾದೆ.

ಬೆಳಿಗ್ಗೆ ಗಾಡಿ ತೆರೆದಾಗ ರಂಜನಿ ಎಂದಿನಂತೆ ಬಂದಳು. ಸೀದಾ ಚಕ್ರದ ಕಡೆಗೇ ನಡೆದಳು. ಮುಗಿಯಿತು, ಇವಳ ಓದು ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಚಕ್ರದ ಹಿಂದೆ ಒರಗಿಸಿಟ್ಟಿದ್ದ ಆ ಮೂರು ಜಲ್ಲೆಗಳನ್ನು ಎತ್ತಿಕೊಂಡು ದಾರದಲ್ಲಿ ಕಟ್ಟಿದಳು. ಆಗಲೇ ನಾನು ಅವಳ ಹೆಗಲ ಮೇಲಿನ ಬ್ಯಾಗು ನೋಡಿದ್ದು.

“ಅಪ್ಪಾ, ಇವತ್ತು ಚಕ್ರ ನೀನೇ ತಿರುಗ್ಸ್ಕೊ” ಎಂದಳು. “ನಾನು ಪಾಠ ಮಾಡಕೋಯ್ತಿವ್ನಿ.”